ಖಾರಕ್ಕೆ ಮುಂಚೆ ಒಂದು ಸೌಟು



ಉಪ್ಸಾರಿನಿಂದ ಶುರು ಮಾಡುತ್ತೇನೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಿಗೆ ಉಪ್ಸಾರು ಮಾಡುವುದು ಹೇಗೆಂದು ಹೇಳಿಕೊಡುವ ಧೈರ್ಯ ನನಗಿಲ್ಲ. ಹೆಸರುಕಾಳೋ ಅಲಸಂದೆಯೋ ಬೇಯಲು ಇಟ್ಟು, ಕಾಳು ಮುಕ್ಕಾಲು ಬೆಂದಾಗ ದಂಟಿನ ಸೊಪ್ಪೋ ಕೀರೆಯೋ ಸಿಕ್ಕಿದ್ದನ್ನು ಹೆಚ್ಚಿ ಹಾಕಿ, ಉಪ್ಪು ಬೆರೆಸಿ ಇಳಿಸಿದರೆ ಸಾರಿನ ಕೆಲಸ ಆಯಿತು. ಖಾರದ ಕಥೆ ಬೇರೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಚೂರು ಹುಣಸೆಹಣ್ಣು ಅರೆದು ಬಟ್ಟಲಿಗೆ ತೆಗೆದಿಡುತ್ತೇವೆ. ಮುದ್ದೆಯ ಪಕ್ಕದಲ್ಲಿ ಅವರವರಿಗೆ ಬೇಕಾದಷ್ಟು ಇಟ್ಟುಕೊಂಡು ಕಲಸಿಕೊಳ್ಳುತ್ತಾರೆ. ತಾತನಿಗೆ ನೆಲ್ಲಿಕಾಯಿ ಗಾತ್ರ ಬೇಕು, ಸೊಸೆಗೆ ಬೆರಳ ತುದಿಯಷ್ಟು ಸಾಕು.

ಗಮನಿಸಿ, ಇಷ್ಟೆಲ್ಲ ಆದರೂ ಪಾತ್ರೆಯೊಳಗೆ ಮೆಣಸಿನಕಾಯಿ ಬೀಳಲೇ ಇಲ್ಲ. ಒಂದೂವರೆ ವರ್ಷದ ಮಗುವಿಗೂ ಎಪ್ಪತ್ತು ದಾಟಿದ ತಾತನಿಗೂ ಅದೇ ಪಾತ್ರೆಯಿಂದ ಬಡಿಸಬಹುದು. ಮಗುವಿಗೆ ಏನು ಬೇಯಿಸಲಿ, ಅದಕ್ಕೆ ಬೇರೆ ಒಲೆ ಯಾವಾಗ ಹಚ್ಚಲಿ ಎಂದು ಹೊಸ ತಾಯಂದಿರು ತಲೆ ಕೆಡಿಸಿಕೊಳ್ಳುವುದನ್ನು ನೋಡುತ್ತೇನೆ. ಈ ಸೀಮೆಯ ಅಡುಗೆ ಆ ಪ್ರಶ್ನೆಯನ್ನು ಯಾವತ್ತೋ ಬಗೆಹರಿಸಿದೆ. ಮಗುವಿಗೆಂದು ಬೇರೆ ಅಡುಗೆ ಬೇಡ. ಮನೆಯ ಅಡುಗೆಯಲ್ಲಿ ಮಗುವಿನ ಪಾಲನ್ನು ಯಾವ ಹೊತ್ತಿಗೆ ಎತ್ತಿಡಬೇಕು ಎನ್ನುವುದು ತಿಳಿದಿದ್ದರೆ ಸಾಕು. ಬಟ್ಟೆಯ ವಿಷಯವೂ ಹೆಚ್ಚುಕಡಿಮೆ ಹಾಗೆಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಆರು ತಿಂಗಳವರೆಗೆ ಎದೆಹಾಲು, ಆಮೇಲೆ ಎದೆಹಾಲಿನ ಜೊತೆಗೆ ಮೆತ್ತನೆಯ ಊಟ. ಇದನ್ನು ಅಂಗನವಾಡಿಯಲ್ಲೂ ಆಶಾ ಕಾರ್ಯಕರ್ತೆಯರಿಂದಲೂ ಎಲ್ಲರೂ ಕೇಳಿರುತ್ತೀರಿ. ನಾನು ಮಾತಾಡುತ್ತಿರುವುದು ಅದರ ಮುಂದಿನ ಕಾಲದ ಬಗ್ಗೆ, ಮಗು ಎದ್ದು ನಿಂತು, ಗೋಡೆ ಹಿಡಿದು ನಡೆದು, ಎಲ್ಲರ ತಟ್ಟೆಗೂ ಕೈ ಹಾಕುವ ವಯಸ್ಸಿನ ಬಗ್ಗೆ. ವರ್ಷ ತುಂಬಿದ ಮಗು ಮನೆಯವರ ಊಟವನ್ನೇ ಉಣ್ಣಬಹುದು. ಖಾರ ಬೇಡ, ಉಪ್ಪು ಕಡಿಮೆ ಇರಲಿ, ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಸೇರಿಸುವ ಗೋಜು ಬೇಡ. ವರ್ಷ ತುಂಬದ ಕೂಸಿನ ಬಾಯಿಗೆ ಜೇನುತುಪ್ಪ ಮುಟ್ಟಿಸಲೇಬೇಡಿ. ಹಿರಿಯರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ.

ಮುದ್ದೆಯ ಪಾತ್ರೆಗೆ ಬರೋಣ. ಎಸರು ಕುದಿಯುವಾಗ ಹಿಟ್ಟನ್ನು ಒಮ್ಮೆಗೇ ಸುರಿಯುವುದಿಲ್ಲ. ಒಂದೆರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲು ಬಿಡುತ್ತೇವೆ, ಗಂಟಾಗದಿರಲಿ ಎಂದು. ಅದು ಉಕ್ಕಿ ಬಂದ ಮೇಲೆ ಹಿಟ್ಟು ಗುಡ್ಡೆ ಹಾಕಿ, ನಡುವೆ ಕೋಲು ನಿಲ್ಲಿಸಿ, ಬೇಯಲು ಬಿಡುವುದು. ಮಗು ಇರುವ ಮನೆಯಲ್ಲಿ ಆ ಮೊದಲ ಹಂತದಲ್ಲಿ ಹಿಟ್ಟನ್ನು ಇನ್ನೊಂದು ಚಮಚ ಹೆಚ್ಚಿಗೆ ಕದಡಿ. ನಾಲ್ಕೈದು ನಿಮಿಷ ಚೆನ್ನಾಗಿ ಕುದಿದು ಹಸಿ ವಾಸನೆ ಹೋದ ಮೇಲೆ ಎರಡು ಸೌಟು ಬಟ್ಟಲಿಗೆ ತೆಗೆದಿಡಿ. ಅಷ್ಟೇ, ಮಗುವಿನ ಅಂಬಲಿ ಸಿದ್ಧ. ಆರಿದ ಮೇಲೆ ಮೊಸರು ಬೆರೆಸಿ ಕೊಡಿ, ಇಲ್ಲವೇ ಬಿಸಿ ಇರುವಾಗಲೇ ಒಂದು ತೊಟ್ಟು ತುಪ್ಪ ಹಾಕಿ. ಉಳಿದದ್ದಕ್ಕೆ ಹಿಟ್ಟು ಹಾಕಿ ನಿಮ್ಮ ಮುದ್ದೆ ತೊಳಸಿಕೊಳ್ಳಿ. ಮುದ್ದೆಯನ್ನೇ ಕೊಡುವುದಾದರೆ ಒಂದು ಎಚ್ಚರಿಕೆ. ನಾವು ನುಂಗುವ ಹಾಗೆ ಮಗು ನುಂಗಲಾರದು. ಕಡಲೆಗಾತ್ರ ಮುರಿದು, ಸಾರಿನಲ್ಲಿ ಕಿವುಚಿ, ಬೆರಳಿನಲ್ಲಿ ಒತ್ತಿದರೆ ಕರಗುವಷ್ಟು ಮೆತ್ತಗೆ ಮಾಡಿ.

ಬಸ್ಸಾರಿನಲ್ಲಿ ಇನ್ನೂ ಅನುಕೂಲ. ಕಾಳು, ಸೊಪ್ಪು ಬೇಯಿಸಿ ಕಟ್ಟನ್ನು ಬಸಿಯುತ್ತೀರಲ್ಲ, ಆ ಗಳಿಗೆಯಲ್ಲಿ ಒಂದು ಸೌಟು ಬೆಂದ ಕಾಳು-ಸೊಪ್ಪು, ಅರ್ಧ ಸೌಟು ಕಟ್ಟು ಎತ್ತಿಡಿ. ಆಮೇಲೆ ಕಟ್ಟಿಗೆ ಮಸಾಲೆ ಅರೆದು ಹಾಕಿ, ಸೊಪ್ಪಿಗೆ ಒಗ್ಗರಣೆ ಕೊಡಿ, ಏನು ಬೇಕಾದರೂ ಮಾಡಿ. ಎತ್ತಿಟ್ಟಿದ್ದನ್ನು ಅನ್ನದ ಜೊತೆ ಕೈಯಲ್ಲೇ ಹಿಸುಕಿ, ನಾಲ್ಕು ಹನಿ ನಿಂಬೆರಸ ಹಿಂಡಿ. ನಿಂಬೆಹುಳಿ ರುಚಿಗಷ್ಟೇ ಬೇಕೆಂದುಕೊಳ್ಳಬೇಡಿ. ಸೊಪ್ಪಿನಲ್ಲೂ ಕಾಳಿನಲ್ಲೂ ಇರುವ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಹುಳಿ ಹಣ್ಣಿನ ರಸ ಜೊತೆಗಿರಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ರಕ್ತಹೀನತೆ ಕಂಡಿತ್ತು. ಇಷ್ಟು ಸೊಪ್ಪು, ಇಷ್ಟು ಕಾಳು ಬೆಳೆಯುವ ನಾಡಿನಲ್ಲಿ! ಕಾರಣಗಳು ಹಲವು. ಆದರೆ ಒಂದು ನಮ್ಮ ಕಣ್ಣೆದುರಿಗೇ ಇದೆ: ಬೆಳಗ್ಗೆ ಎದ್ದ ತಕ್ಷಣ ಮಗುವಿಗೆ ಒಂದು ಲೋಟ ಟೀ, ಅದರಲ್ಲಿ ಅದ್ದಿದ ಐದು ರೂಪಾಯಿ ಬಿಸ್ಕತ್ತು. ಟೀ ಕಬ್ಬಿಣವನ್ನು ಮೈಗೆ ಸೇರಗೊಡುವುದಿಲ್ಲ, ಬಿಸ್ಕತ್ತು ಹಸಿವನ್ನು ಕೊಲ್ಲುತ್ತದೆ. ಆಮೇಲೆ ಮಧ್ಯಾಹ್ನ, ‘ನಮ್ಮ ಮಗು ಊಟವೇ ಮಾಡಲ್ಲ’ ಎಂಬ ದೂರು. ಹಾಲಿನ ವಿಷಯದಲ್ಲೂ ಅತಿ ಬೇಡ. ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಮಗು ಅತ್ತಾಗಲೆಲ್ಲ ಹಾಲು ಕುಡಿಸುವುದುಂಟು. ದಿನಕ್ಕೆ ಅರ್ಧ ಲೀಟರು ದಾಟಿದರೆ ಹೊಟ್ಟೆಯಲ್ಲಿ ಅನ್ನಕ್ಕೆ ಜಾಗ ಉಳಿಯುವುದಿಲ್ಲ.

ಒಂದು ಮಾತು ಮಿಕ್ಸಿಯ ಬಗ್ಗೆ. ಮಗುವಿನ ಊಟವನ್ನೆಲ್ಲ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಚಮಚದಲ್ಲಿ ಸುರಿಯುವುದು ಈಗಿನ ರೂಢಿ. ಎಂಟೊಂಬತ್ತು ತಿಂಗಳಾದ ಮೇಲೂ ಹಾಗೇ ಮುಂದುವರಿಸಿದರೆ ಮಗು ಅಗಿಯುವುದನ್ನು ಕಲಿಯುವುದಿಲ್ಲ, ಎರಡು ವರ್ಷವಾದರೂ ಒಂದು ಅಗುಳು ಸಿಕ್ಕರೆ ಉಗುಳುತ್ತದೆ. ಕೈ ತೊಳೆದುಕೊಂಡು ಬೆರಳಲ್ಲಿ ಹಿಸುಕಿ. ತರಿತರಿಯಾಗಿ ಉಳಿಯಲಿ.

ಚಳಿಗಾಲ ಬಂದರೆ ಮಾಗಡಿ ಅವರೆಕಾಯಿ. ಬೆಂಗಳೂರಿನವರು ಕಾದು ಕೂತು ಕೊಳ್ಳುವ ಕಾಯಿ ಅದು. ಸೊಗಡು ಕೈಗೆ ಹತ್ತಿದರೆ ಸಂಜೆವರೆಗೂ ಹೋಗುವುದಿಲ್ಲ. ಎಲ್ಲ ಅಡುಗೆಗೂ ಅವರೆಯೇ ಬೀಳುವ ಆ ದಿನಗಳಲ್ಲಿ ಪುಟ್ಟ ಮಕ್ಕಳ ಮನೆಯವರು ಎರಡು ವಿಷಯ ತಿಳಿದಿರಬೇಕು. ಸಿಪ್ಪೆ ಸಮೇತ ಬೆಂದ ಇಡೀ ಕಾಳು ಜಾರುತ್ತದೆ, ಗಂಟಲಿಗೆ ಅಡ್ಡ ಬೀಳುತ್ತದೆ. ಹಿತಕಿದ ಬೇಳೆಯಾದರೆ ಆ ಭಯ ಕಡಿಮೆ. ರಾತ್ರಿ ನೆನೆಸಿದ ಕಾಳನ್ನು ಬೆಳಗ್ಗೆ ಎರಡು ಬೆರಳಲ್ಲಿ ಹಿತುಕಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬಟ್ಟಲಲ್ಲಿ. ಅದನ್ನು ಅರಿಶಿನ ಹಾಕಿ ಬೇಯಿಸಿ, ಮಸಾಲೆ ಕೂಡಿಸುವ ಮುಂಚೆ ಒಂದು ಹಿಡಿ ತೆಗೆದು ಬೆರಳಲ್ಲಿ ಒತ್ತಿದರೆ ಬೆಣ್ಣೆಯಾಗುತ್ತದೆ. ಅನ್ನ, ತುಪ್ಪದ ಜೊತೆ ಕಲಸಿ ಕೊಡಿ. ಬೇಳೆ ಹಿತುಕುವ ಹೊತ್ತಿಗೆ ಮಗು ಪಕ್ಕದಲ್ಲಿ ಬಂದು ಕೂರುತ್ತದೆ, ತಾನೂ ಹಿತುಕುತ್ತೇನೆ ಎನ್ನುತ್ತದೆ. ಕೂರಲಿ, ಆದರೆ ಹಸಿ ಕಾಳು ಬಾಯಿಗೆ ಹೋಗದಂತೆ ಕಣ್ಣಿಟ್ಟಿರಿ. ಹುರಿಗಡಲೆ, ಕಡಲೆಕಾಯಿ ಬೀಜ, ಬೀಜ ತೆಗೆಯದ ದ್ರಾಕ್ಷಿ, ಹಲಸಿನ ಬೀಜದ ತುಂಡು, ಇವನ್ನೆಲ್ಲ ಚಿಕ್ಕ ಮಕ್ಕಳ ಕೈಗೆ ಇಡಿಯಾಗಿ ಕೊಡಲೇಬಾರದು. ಜಾತ್ರೆಯಲ್ಲಿ, ಬಸ್ಸಿನಲ್ಲಿ ಪಕ್ಕದವರು ಪ್ರೀತಿಯಿಂದ ಕೊಟ್ಟರೂ ನಯವಾಗಿ ಈಸಿಕೊಂಡು ನೀವೇ ತಿಂದುಬಿಡಿ.

ರಾಗಿ ಸರಿಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಇದನ್ನು ಎಲ್ಲರೂ ಮಾಡುತ್ತಾರೆ, ಯಾಕೆ ಹಾಗೆ ಮಾಡುತ್ತೇವೆ ಎಂಬುದನ್ನು ಮಾತ್ರ ಮರೆತಿದ್ದೇವೆ. ಒಳ್ಳೆ ರಾಗಿಯನ್ನು ಕಲ್ಲು, ಮಣ್ಣು ಹೋಗುವಂತೆ ನಾಲ್ಕೈದು ಸಲ ತೊಳೆದು ರಾತ್ರಿಯಿಡೀ ನೆನೆಸಿ. ಬೆಳಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಆಗಾಗ ನೀರು ಚಿಮುಕಿಸಿ. ಒಂದು ದಿನಕ್ಕೆಲ್ಲ ಬಿಳಿ ಮೊಳಕೆ ಕಾಣುತ್ತದೆ, ಚಳಿ ಇದ್ದರೆ ಒಂದೂವರೆ ದಿನ ಹಿಡಿದೀತು. ಲೋಳೆಯಾಗಿದ್ದರೆ, ಹುಳಿ ವಾಸನೆ ಬಂದಿದ್ದರೆ ಮುಲಾಜಿಲ್ಲದೆ ಕೋಳಿಗೆ ಹಾಕಿ. ಚೆನ್ನಾಗಿ ಬಂದಿದ್ದರೆ ಬಟ್ಟೆಯ ಮೇಲೆ ಹರಡಿ ಗರಿಗರಿಯಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಬೆಚ್ಚಗೆ ಮಾಡಿ, ಬೀಸಿ, ವಸ್ತ್ರಗಾಳಿತ ಹಿಡಿಯಬೇಕು.

ಮೊಳಕೆ ಯಾಕೆ? ಮಾಮೂಲಿ ಹಿಟ್ಟಿನಲ್ಲಿ ಗಂಜಿ ಕಾಯಿಸಿದರೆ ಎರಡು ಚಮಚಕ್ಕೇ ಗಟ್ಟಿಯಾಗುತ್ತದೆ, ತೆಳುವಾಗಲೆಂದು ನೀರು ಸುರಿಯುತ್ತೇವೆ. ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬಿಹೋಗುತ್ತದೆ. ರಾಗಿ ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಗಂಜಿ ಬಿಸಿಯೇರುವಾಗ ಅದು ಹಿಟ್ಟಿನ ಪಿಷ್ಟವನ್ನು ಒಡೆಯುತ್ತದೆ. ಅದೇ ಪ್ರಮಾಣದ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆ. ಮಗು ಕುಡಿಯುವುದು ಅಷ್ಟೇ ಬಟ್ಟಲು, ಒಳಗೆ ಹೋಗುವ ಆಹಾರ ಹೆಚ್ಚು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿಯ ಈ ಗುಣದ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. ನಮ್ಮ ಅಜ್ಜಿಯರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಹಾಗಾಗಿ ಎರಡು ಎಚ್ಚರಿಕೆ: ಮೊಳಕೆ ರಾಗಿಯನ್ನು ಕೆಂಪಗೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಬೆಚ್ಚಗೆ ಮಾಡಿದರೆ ಸಾಕು. ಗಂಜಿಯನ್ನೂ ದೊಡ್ಡ ಉರಿಯಲ್ಲಿ ದಡಬಡ ಕುದಿಸಬೇಡಿ. ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಇಟ್ಟು, ನಿಧಾನವಾಗಿ ತಿರುವುತ್ತ ಬೇಯಿಸಿ. ಮೊದಲು ಗಟ್ಟಿಯಾಗುವ ಹಾಗೆ ಕಂಡು ಆಮೇಲೆ ಸಡಿಲವಾಗುವುದನ್ನು ನೀವೇ ನೋಡಬಹುದು. ಇನ್ನು ಸುಣ್ಣದ ಅಂಶ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಸಾಮಾನ್ಯ ಧಾನ್ಯವೂ ಹತ್ತಿರ ಬರುವುದಿಲ್ಲ. ಅಂಗಡಿಯ ಬಣ್ಣದ ಡಬ್ಬಿಗೆ ನೂರಾರು ರೂಪಾಯಿ ಕೊಡುವ ಮುಂಚೆ ಮನೆಯ ರಾಗಿ ಡಬ್ಬಿ ನೋಡಿ ಎಂದಷ್ಟೇ ಹೇಳುತ್ತೇನೆ.

ಸರಿಹಿಟ್ಟು ಬೀಸಲು ಈಗ ಯಾರ ಮನೆಯಲ್ಲೂ ಬೀಸುವ ಕಲ್ಲಿಲ್ಲ. ರಾಮನಗರದ ಹೆದ್ದಾರಿ ಪಕ್ಕದಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ಕಲ್ಲು, ಒರಳು, ಒನಕೆ ಎಲ್ಲ ಅಲ್ಲಿ ತೋರಿಸಬಹುದು. ನಮಗೆ ಮಿಕ್ಸಿಯೂ ಒಂದು ತುಂಡು ಹಳೆ ಪಂಚೆಯೂ ಸಾಕು.

ಈಗ ರೇಷ್ಮೆ ಮನೆಗಳ ಕಷ್ಟ. ಹುಳು ಸಾಕುವವರಿಗೆ ‘ಸುಲಭ ಅಡುಗೆ’ ಎಂದರೆ ಹವ್ಯಾಸದ ಮಾತಲ್ಲ. ಪೊರೆ ಕಳಚಿ ನಾಲ್ಕನೇ ಜ್ವರ ಎದ್ದ ಹುಳು ಹಗಲು ರಾತ್ರಿ ತಿನ್ನುತ್ತದೆ. ತನ್ನ ಆಯಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಈ ಕೊನೆಯ ಒಂದು ವಾರದಲ್ಲೇ ಖರ್ಚಾಗುತ್ತದೆ. ತೋಟದಿಂದ ಸೊಪ್ಪು ತರುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ತೋಟ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಂತೂ ಮನೆಯವರು ಕೂತು ಉಂಡರೆ ಪುಣ್ಯ. ಆ ವಾರದಲ್ಲಿ ಮಗುವಿನ ಹೊಟ್ಟೆ ಬಿಸ್ಕತ್ತಿನ ಪಾಲಾಗುತ್ತದೆ. ಬೈಯಲು ಮನಸ್ಸು ಬರುವುದಿಲ್ಲ, ಆದರೆ ದಾರಿ ಇದೆ: ಹುರಿಹಿಟ್ಟು.

ಹುಳು ಎರಡನೇ ಜ್ವರದಲ್ಲಿರುವಾಗಲೇ, ಅಂದರೆ ಇನ್ನೂ ಬಿಡುವಿರುವಾಗ, ರಾಗಿ ಅರಳು ಹುರಿದು ಹಿಟ್ಟು ಮಾಡಿ ಡಬ್ಬಿ ತುಂಬಿಡಿ. ಜೊತೆಗೆ ಸ್ವಲ್ಪ ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ ಬೆರೆಸಿದರೆ ಇನ್ನೂ ಒಳ್ಳೆಯದು. ಮಗುವಿಗೆ ಹಸಿವಾದಾಗ ಎರಡು ಚಮಚ ಹಿಟ್ಟಿಗೆ ಕಾಯಿಸಿಟ್ಟ ಹಾಲು, ಹಿಸುಕಿದ ಏಲಕ್ಕಿ ಬಾಳೆಹಣ್ಣು. ಒಲೆ ಹಚ್ಚಬೇಕಿಲ್ಲ, ಸಕ್ಕರೆ ಬೇಕಿಲ್ಲ. ಎರಡು ವರ್ಷ ದಾಟಿದ್ದರೆ ಒಂದು ಚೂರು ಬೆಲ್ಲ, ಕಾಯಿತುರಿ. ಹಿಟ್ಟನ್ನು ಚೆನ್ನಾಗಿ ಒದ್ದೆಯಾಗುವಂತೆ ಕಲಸಿಯೇ ಕೊಡಿ. ಒಣ ಹಿಟ್ಟು ಬಾಯಿಗೆ ಹಾಕಿಕೊಂಡು ಮಗು ಕೆಮ್ಮಿದರೆ ಉಸಿರಿನ ದಾರಿಗೆ ಹೋಗುತ್ತದೆ. ಇನ್ನೊಂದು ವಿಷಯ: ಹುಳದ ಮನೆಗೆ ಎರಚುವ ಬ್ಲೀಚಿಂಗ್ ಪುಡಿ, ಸುಣ್ಣ, ಔಷಧಿ ಇವು ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿ ಇರಬಾರದು. ಹಳೆಯ ನೀರಿನ ಬಾಟಲಿಗೆ ಔಷಧಿ ಸುರಿದಿಡುವ ಅಭ್ಯಾಸವನ್ನಂತೂ ಇವತ್ತೇ ಬಿಡಿ.

ಮಾವಿನ ಕಾಲದ ಬಗ್ಗೆ ಹೇಳುವುದೇ ಬೇಡ. ರಸಪೂರಿ ಇರುವಾಗ ಮಗುವಿಗೆ ತಿಂಡಿ ಏನು ಎಂದು ರಾಮನಗರದವರು ಕೇಳಬಾರದು.

ಆಗಲೇ ಹೇಳಿದ ಬಟ್ಟೆಯ ವಿಷಯಕ್ಕೆ, ಸೂಜಿಗೆ ಬರೋಣ. ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ ಇರುವ ಊರು ನಮ್ಮದು. ಆದರೂ ಈ ಸೀಮೆಯಲ್ಲಿ ಹುಟ್ಟಿದ ಕೂಸಿನ ಮೈಗೆ ಮೊದಲು ತಗಲುವುದು ಹಳೆಯ ಹತ್ತಿ ಬಟ್ಟೆ, ತಾತನ ಪಂಚೆ, ಅಜ್ಜಿಯ ನೂಲಿನ ಸೀರೆ. ಬಡತನಕ್ಕೆ ಮಾಡಿದ್ದು ಎಂದು ಕೆಲವರು ತಿಳಿದಿದ್ದಾರೆ. ಅನುಕೂಲವಂತರ ಮನೆಯಲ್ಲೂ ಇದೇ ಪದ್ಧತಿ ಇತ್ತು. ನೂರಾರು ಸಲ ಒಗೆದ ಬಟ್ಟೆಯಲ್ಲಿ ಗಂಜಿ ಉಳಿದಿರುವುದಿಲ್ಲ, ಬಿಡುವ ಬಣ್ಣವೆಲ್ಲ ಬಿಟ್ಟಿರುತ್ತದೆ, ಕುಗ್ಗುವುದೆಲ್ಲ ಕುಗ್ಗಿರುತ್ತದೆ, ಬೆವರನ್ನು ಹೀರುತ್ತದೆ. ಹೊಸ ಬಟ್ಟೆಯಲ್ಲಿ ಹೊಲಿಯುವುದಾದರೆ ಕತ್ತರಿ ಹಾಕುವ ಮುಂಚೆ ನೀರಿನಲ್ಲಿ ನೆನೆಸಿ ಒಗೆದು ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅಂಗಿ ಗೊಂಬೆಯ ಅಳತೆಗೆ ಬರುತ್ತದೆ.

ಇಲ್ಲಿ ಒಂದು ವಿಚಿತ್ರ ಹೇಳಲೇಬೇಕು. ಮೈಸೂರು ರಸ್ತೆಯ ಉದ್ದಕ್ಕೂ, ಕನಕಪುರ, ಹಾರೋಹಳ್ಳಿ ಕಡೆಯೂ ಬೆಳಗಾದರೆ ಗಾರ್ಮೆಂಟ್ಸ್‌ಗೆ ಹೊರಡುವ ಹೆಣ್ಣುಮಕ್ಕಳ ಬಸ್ಸು, ವ್ಯಾನು. ಹೊಲಿಗೆಯಲ್ಲಿ ಅವರನ್ನು ಮೀರಿಸುವವರು ಯಾರೂ ಇಲ್ಲ. ಆದರೆ ಅಲ್ಲಿ ಒಬ್ಬಳು ಕಾಲರ್ ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಳು ಕೈ ಮಾತ್ರ, ಮತ್ತೊಬ್ಬಳು ದಿನವಿಡೀ ಕಾಜ. ಯಾವುದೋ ದೇಶದ ಮಗುವಿನ ಅಂಗಿಗೆ ಸಾಲುಸಾಲು ತೋಳು ಕೂಡಿಸಿದವಳು ತನ್ನ ಮಗುವಿಗೆ ಒಂದು ಇಡೀ ಅಂಗಿ ಹೊಲಿದಿರುವುದಿಲ್ಲ. ದಣಿವು ಒಂದು ಕಾರಣ. ಇಡೀ ಅಂಗಿ ಕಣ್ಣಿಗೆ ಕಾಣದಿರುವುದು ಇನ್ನೊಂದು. ಅಂದಹಾಗೆ, ದೊಡ್ಡ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದು ಕಾನೂನೇ ಹೇಳುತ್ತದೆ. ಕೇಳಲು ಸಂಕೋಚಪಡಬೇಡಿ, ಅದು ಯಾರ ಕೃಪೆಯೂ ಅಲ್ಲ. ಮನೆಯಲ್ಲಿ ಹೊಲಿಗೆ ಯಂತ್ರ ಇರುವವರೂ ಕಡಿಮೆ ಇಲ್ಲ. ಸರ್ಕಾರದಿಂದ ಉಚಿತವಾಗಿ ಬಂದದ್ದೋ ತವರಿನಿಂದ ಬಂದದ್ದೋ, ಮೇಲೆ ಕಸೂತಿ ಬಟ್ಟೆ ಹೊದ್ದು, ಅದರ ಮೇಲೆ ಟಿವಿಯೋ ಹೂದಾನಿಯೋ ಹೊತ್ತು ನಿಂತಿರುತ್ತದೆ. ಒಂದು ಭಾನುವಾರ ಟಿವಿ ಇಳಿಸಿ.

ಜಬಲಾ, ಅಂದರೆ ಮಗುವಿನ ಸಡಿಲ ಅಂಗಿ, ಹೊಲಿಯೋಣ. ಅಳತೆ ಪಟ್ಟಿಯೂ ಬೇಡ, ಕಾಗದದ ಪ್ಯಾಟ್ರನ್ನೂ ಬೇಡ. ಹಳೆ ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿ. ನಡುಭಾಗ ಸವೆದು ಜಾಳಾಗಿರುತ್ತದೆ, ಅಂಚಿನ ಕಡೆ ಬಟ್ಟೆ ಗಟ್ಟಿ. ಅಂಚಿನ ಕಡೆಯದನ್ನು ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ ಒಂದು ಸಲ, ಎಡದಿಂದ ಬಲಕ್ಕೆ ಒಂದು ಸಲ ಮಡಿಸಿ. ನಾಲ್ಕು ಪದರ ಆಯಿತಲ್ಲ? ಮಗುವಿಗೆ ಈಗ ಸರಿಹೋಗುವ ಒಂದು ಬನಿಯನ್ನನ್ನು ಉದ್ದಕ್ಕೆ ಅರ್ಧ ಮಡಿಸಿ, ಅದರ ಭುಜವನ್ನು ಬಟ್ಟೆಯ ಮೇಲಿನ ಮಡಿಕೆಗೂ ನಡುಗೆರೆಯನ್ನು ಪಕ್ಕದ ಮಡಿಕೆಗೂ ಕೂಡಿಸಿ ಇಡಿ. ಸವೆದು ಉಳಿದ ಸೋಪಿನ ಚೂರಿನಿಂದ ಸುತ್ತ ಗೆರೆ ಎಳೆಯಿರಿ. ಟೈಲರ್ ಸೀಮೆಸುಣ್ಣಕ್ಕಿಂತ ಅದು ವಾಸಿ, ಒಗೆದರೆ ಹೋಗುತ್ತದೆ. ಬನಿಯನ್ ಎಳೆದರೆ ಹಿಗ್ಗುತ್ತದೆ, ಪಂಚೆ ಹಿಗ್ಗುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಎರಡು ಬೆರಳು ಆಚೆಗೆ, ಕೆಳಗೆ ಒಂದು ಗೇಣು ಆಚೆಗೆ ಇನ್ನೊಂದು ಗೆರೆ ಎಳೆದು ಅದರ ಮೇಲೆ ಕತ್ತರಿಸಿ. ಕುತ್ತಿಗೆಯನ್ನು ಮಾತ್ರ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ. ಹೊಲಿಯುತ್ತ ಹೋದ ಹಾಗೆ ಅದು ದೊಡ್ಡದಾಗುತ್ತದೆ, ಒಮ್ಮೆ ಕತ್ತರಿಸಿದ ಮೇಲೆ ಚಿಕ್ಕದಾಗುವುದಿಲ್ಲ. ಮುಂಭಾಗದಲ್ಲಿ ಎರಡು ಬೆರಳು ಇಳಿಸಿ. ಈ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಆದ್ದರಿಂದ ಬೆನ್ನಿನ ಕಡೆ ಅರ್ಧ ಗೇಣು ಸೀಳು ಬಿಟ್ಟು ಅಲ್ಲಿ ಒಂದು ಟಿಚ್ ಬಟನ್.

ಪಕ್ಕದ ಹೊಲಿಗೆಯಲ್ಲಿ ಒಂದು ಜಾಣತನ ಇದೆ. ಬಟ್ಟೆಯ ಒಳಮೈ ಒಳಮೈಗೆ ಕೂಡಿಸಿ, ಹೊರಗಿನಿಂದ ಅಂಚಿಗೆ ಹತ್ತಿರವಾಗಿ ಮೊದಲು ಒಂದು ಸಾಲು ಹೊಲಿದುಬಿಡಿ. ಆಮೇಲೆ ಅಂಗಿಯನ್ನು ತಿರುಗಿಸಿ, ಒಳಗಿನಿಂದ ಇನ್ನೊಂದು ಸಾಲು. ಕತ್ತರಿಸಿದ ಅಂಚು ಎರಡು ಹೊಲಿಗೆಗಳ ನಡುವೆ ಮುಚ್ಚಿಹೋಗುತ್ತದೆ, ದಾರದ ಎಳೆಗಳು ಕಂಕುಳಲ್ಲಿ ಉಜ್ಜುವುದಿಲ್ಲ. ಅಂಗಡಿಯ ಅಂಗಿಯಲ್ಲಿ ಮಗು ರಾತ್ರಿಯೆಲ್ಲ ಕೆರೆದುಕೊಳ್ಳುವುದು ಎಷ್ಟೋ ಸಲ ಈ ಒಳಅಂಚಿಗೆ. ಕುತ್ತಿಗೆಗೂ ತೋಳಿಗೂ ಓರೆಯಾಗಿ ಕತ್ತರಿಸಿದ ಪಟ್ಟಿ, ಅಂದರೆ ಟೈಲರುಗಳ ಕ್ರಾಸ್ ಪೀಸ್. ನೇರ ಪಟ್ಟಿ ಗುಂಡಗಿನ ಜಾಗದಲ್ಲಿ ಸುಕ್ಕಾಗುತ್ತದೆ. ಕೆಳಗೆ ಬಿಟ್ಟ ಒಂದು ಗೇಣಿನಲ್ಲಿ ನಾಲ್ಕು ಬೆರಳು ಒಳಕ್ಕೆ ಮಡಿಸಿ ಸಡಿಲವಾಗಿ ಹೊಲಿಯಿರಿ. ಮಗು ಬೆಳೆದ ಹಾಗೆ ಮಡಿಕೆ ಬಿಚ್ಚುತ್ತ ಹೋಗಬಹುದು. ಹಳೆ ಮಡಿಕೆಯ ಗೆರೆ ಕಾಣುತ್ತದೆ, ಕಾಣಲಿ. ಯಂತ್ರವಿಲ್ಲದವರು ಕೈಯಲ್ಲೇ ಹೊಲಿಯಬಹುದು. ದಾರ ಮೊಣಕೈವರೆಗಿನ ಉದ್ದ ಇದ್ದರೆ ಸಿಕ್ಕಾಗುವುದಿಲ್ಲ. ನಾಲ್ಕು ಟಾಕೆ ಮುಂದೆ ಹೋದರೆ ಒಂದು ಹಿಂದಕ್ಕೆ ಬನ್ನಿ, ಬಿಗಿ ನಿಲ್ಲುತ್ತದೆ.

ಚಡ್ಡಿಯಲ್ಲಿ ಕಷ್ಟ ಎಲಾಸ್ಟಿಕ್ಕಿನದು. ಸೊಂಟದ ಸುತ್ತಳತೆಗಿಂತ ಎರಡು ಇಂಚು ಕಡಿಮೆ ಕತ್ತರಿಸಿ, ತುದಿಗೆ ಪಿನ್ನು ಸಿಕ್ಕಿಸಿ ಪಟ್ಟಿಯೊಳಗೆ ತೂರಿಸಿ. ಸಂಜೆ ಬಿಚ್ಚಿದಾಗ ಹೊಟ್ಟೆಯ ಮೇಲೆ ಕೆಂಪು ಬಳೆ ಬಿದ್ದಿದ್ದರೆ ಬಿಗಿಯಾಗಿದೆ ಎಂದರ್ಥ. ಕುತ್ತಿಗೆಯ ಹತ್ತಿರ ಲಾಡಿ, ದಾರ, ಗೊಂಡೆ ಯಾವುದೂ ಬೇಡ, ಕುಲಾವಿಗೂ ಬೇಡ. ತೊಟ್ಟಿಲಿಗೋ ಕಿಟಕಿಗೋ ಸಿಕ್ಕಿಕೊಂಡರೆ ಉರುಳಾಗುತ್ತದೆ. ಓಡಾಡುವ ವಯಸ್ಸಿನ ಮಗುವನ್ನು ಸೀರೆಯ ಜೋಲಿಯಲ್ಲಿ ಒಂಟಿಯಾಗಿ ಬಿಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಗುಂಡಿ ಇಟ್ಟರೆ ಎಳೆದು ನೋಡಿ. ನಿಮ್ಮ ಕೈಗೆ ಬರುವ ಗುಂಡಿ ಮಗುವಿನ ಬಾಯಿಗೆ ಹೋಗುತ್ತದೆ.

ಚೂರು ಬಟ್ಟೆ ತರುವವರು ಒಂದು ಎಳೆ ಕಿತ್ತು, ಮಗು ಹತ್ತಿರ ಇಲ್ಲದಾಗ, ಸಿಂಕಿನ ಮೇಲೆ ಹಿಡಿದು ಬೆಂಕಿಗೆ ತಗುಲಿಸಿ ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಒಲೆಯ ಹತ್ತಿರ ಸುಳಿದ ಮಗುವಿನ ಮೈಗೆ ಅಂಟಿಕೊಂಡು ಉರಿಯುವುದು ಈ ಎರಡನೆಯದು. ಬೀಸುವ ನೆರಿಗೆಯ ನೈಲಾನ್ ಫ್ರಾಕು ಹಬ್ಬದ ಫೋಟೊಗೆ ಇರಲಿ, ಅಡುಗೆಮನೆಯೊಳಕ್ಕೆ ಬೇಡ.

ಚೂರುಗಳು ಮಿಕ್ಕರೆ ಬೊಂತೆ ಹೊಲಿಯಿರಿ, ಇಲ್ಲವೇ ಬಟ್ಟೆ ಗೊಂಬೆ. ಗೊಂಬೆಯ ಕಣ್ಣಿಗೆ ಮಣಿ, ಗುಂಡಿ ಹಚ್ಚದೆ ಕಪ್ಪು ದಾರದಲ್ಲಿ ಕಣ್ಣು ಬಿಡಿಸಿ. ಮರದ ಗೊಂಬೆಗೆ ಹೆಸರಾದ ಚನ್ನಪಟ್ಟಣದ ಸೀಮೆಯಲ್ಲಿ ಬಟ್ಟೆ ಗೊಂಬೆ ಏಕೆ ಎನ್ನಬೇಡಿ. ಆ ಮರದ ಗೊಂಬೆಯೂ ಇರಲಿ. ಹಾಲೆ ಮರವನ್ನು ಲೇತ್‌ಗೆ ಕೊಟ್ಟು ತಿರುಗಿಸಿ, ಅರಗಿನ ಕಡ್ಡಿ ಒತ್ತಿದರೆ ತಿರುಗುವ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ, ಆಮೇಲೆ ತಾಳೆಗರಿಯಿಂದ ಹೊಳಪು. ಅರಿಶಿನ, ನೀಲಿ ಮುಂತಾದ ಗಿಡಮೂಲದ ಬಣ್ಣ ಕಟ್ಟಿದ ಆ ಗೊಂಬೆಯನ್ನು ಮಗು ಕಚ್ಚಿದರೂ ಹೆದರಬೇಕಿಲ್ಲ. ಕೊಳ್ಳುವಾಗ ಯಾವ ಬಣ್ಣ ಎಂದು ಕೇಳಿ, ಚಿಕ್ಕ ಬಿಡಿ ತುಣುಕುಗಳು ಇಲ್ಲದ್ದನ್ನು ಆರಿಸಿ. ಚಿಕ್ಕ ಒಲೆ, ಪಾತ್ರೆ, ಲಟ್ಟಣಿಗೆಯ ಅಡುಗೆ ಸೆಟ್ಟುಗಳೂ ಅಲ್ಲಿ ಸಿಗುತ್ತವೆ. ನೀವು ಅಡುಗೆ ಮಾಡುವ ಹೊತ್ತಿಗೆ ಮಗು ಬಾಗಿಲಾಚೆ ಕೂತು ತನ್ನ ಅಡುಗೆ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ.

ಅಪ್ಪಂದಿರಿಗೆ ಒಂದು ಮಾತು. ಪೇಟೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಎಷ್ಟೋ ಮಂದಿ ಗಂಡಸರು. ಬಿಡದಿಯಲ್ಲಿ ತಟ್ಟೆ ಇಡ್ಲಿ ಬೇಯಿಸುವವರೂ, ಮದುವೆ ಮನೆಯಲ್ಲಿ ಕೊಪ್ಪರಿಗೆಗೆ ಸೌಟು ಹಾಕುವವರೂ ಗಂಡಸರೇ. ಮನೆಯ ಹೊಸ್ತಿಲು ದಾಟಿದ ಕೂಡಲೇ ಸೂಜಿಯೂ ಸೌಟೂ ಹೆಂಗಸರದ್ದಾಗುವುದು ಹೇಗೆ? ಚಡ್ಡಿಗೆ ಎಲಾಸ್ಟಿಕ್ ತೂರಿಸಲು, ಅಂಬಲಿಯನ್ನು ಗಂಟಿಲ್ಲದೆ ಕದಡಲು ಯಾವ ತರಬೇತಿಯೂ ಬೇಕಿಲ್ಲ.

ಕೊನೆಗೆ, ಅಜ್ಜಿಯರು ತಪ್ಪದೇ ಕೇಳುವ ಪ್ರಶ್ನೆ: ಮಗುವಿಗೆ ಖಾರ ಯಾವಾಗ ಕೊಡಬಹುದು? ಅವಸರ ಬೇಡ, ಮಗುವೇ ಕೇಳುತ್ತದೆ. ಎರಡೂವರೆ, ಮೂರು ವರ್ಷದ ಹೊತ್ತಿಗೆ ಒಂದು ದಿನ ತಾತನ ತಟ್ಟೆಯ ಉಪ್ಸಾರು ಖಾರಕ್ಕೆ ಬೆರಳು ಚಾಚುತ್ತದೆ. ಅವತ್ತು ಸಾಸಿವೆಯಷ್ಟು ಖಾರವನ್ನು ಒಂದು ಬಟ್ಟಲು ಸಾರಿನಲ್ಲಿ ಕದಡಿ, ಮೊಸರನ್ನ ಪಕ್ಕದಲ್ಲಿಟ್ಟುಕೊಂಡು ಕೊಡಿ. ಮುಖ ಕಿವುಚಿದರೆ ಒಂದೆರಡು ತಿಂಗಳು ಬಿಟ್ಟು ನೋಡೋಣ. ಇನ್ನಷ್ಟು ಬೇಕು ಎಂದರೆ ನಾಳೆಯಿಂದ ಸೌಟು ಎತ್ತಿಡುವ ಕೆಲಸ ನಿಮಗೆ ತಪ್ಪಿತು.